ಪಡಸಾಲೆಯಲ್ಲಿ ಕೇಳಿದ ಶರೀಫ ಸಾಹೇಬರು



ಕಳೆದ ಅಮಾವಾಸ್ಯೆಯ ರಾತ್ರಿ ಅಕ್ಕಲಕೋಟೆಯ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಭಜನೆ ಇತ್ತು. ಸೊಲ್ಲಾಪುರದಿಂದ ನಾವು ಸಂಜೆಯ ಬಸ್ಸಿಗೆ ಹೋಗಿದ್ದೆವು. ವೇದಿಕೆಯಿಲ್ಲ, ಮೈಕಿಲ್ಲ. ಪಡಸಾಲೆಗೆ ಜಮಖಾನೆ ಹಾಸಿತ್ತು. ಒಂದು ಏಕತಾರಿ, ಒಂದು ಪೇಟಿ, ಒಂದು ದಮ್ಮಡಿ, ಎರಡು ಜೊತೆ ತಾಳ. ಕೂತವರು ಇಪ್ಪತ್ತೈದು ಮಂದಿ ಇದ್ದೇವು. ನಡುರಾತ್ರಿಯವರೆಗೆ ನಡೆದದ್ದು ಬಹುತೇಕ ಶಿಶುನಾಳ ಶರೀಫರ ಪದಗಳೇ. ಅಂದು ಚೆನ್ನಾಗಿ ಹಾಡಿದ ಒಬ್ಬ ಹುಡುಗನ ವಹಿಯನ್ನು ನಾವು ಕೈಗೆ ತೆಗೆದುಕೊಂಡು ನೋಡಿದೆವು. ಅದರ ವಿಷಯವನ್ನು ಕೊನೆಗೆ ಹೇಳುತ್ತೇವೆ. ಮೊದಲು ಆ ಪದಗಳನ್ನು ಕಟ್ಟಿದವರನ್ನು ನೆನೆಯೋಣ.

ಮಹಮ್ಮದ ಶರೀಫರು ಹುಟ್ಟಿದ್ದು 1819ರಲ್ಲಿ, ಪೇಶ್ವೆಯವರ ಆಡಳಿತ ಮುಗಿದ ಮರುವರ್ಷ. ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಹಾಳ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಶಾಹ ವಲಿಯವರ ಕೃಪೆಯಿಂದ ಮಗ ಹುಟ್ಟಿದನೆಂದು ಆ ದಂಪತಿಗಳು ನಂಬಿದ್ದರಂತೆ.

ಶರೀಫರು ಓದು ಬರಹ ಬಲ್ಲವರು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಆಗ ಧಾರವಾಡ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು, ಅಕ್ಕಲಕೋಟೆ ಸಂಸ್ಥಾನವಾಗಿತ್ತು. ಧಾರವಾಡ ಸೀಮೆಯ ಕಚೇರಿ, ಶಾಲೆಗಳಲ್ಲಿಯೂ ಮರಾಠಿಯದೇ ಪ್ರಾಬಲ್ಯ. ಅಲ್ಲಿ ಕನ್ನಡ ಶಾಲೆಗಳು ಬೆಳೆಯಲು ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿಯಬೇಕಾಯಿತು. ಇಂದು ನಮ್ಮ ಮಕ್ಕಳು ಇರುವ ಸ್ಥಿತಿ ಅಂದಿನವರಿಗೆ ಹೊಸದೇನಲ್ಲ.

ಮಾಸ್ತರಿಕೆಯಲ್ಲಿ ಶರೀಫರ ಮನಸ್ಸು ನಿಲ್ಲಲಿಲ್ಲ. ನೌಕರಿ ಬಿಟ್ಟು ಗುರುವಿನ ಹಿಂದೆ ಹೋದರು. ಮೂವತ್ತೈದು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಮಾಡಿದ ನಮ್ಮಂಥ ಗುಮಾಸ್ತರಿಗೆ ಅದು ಸಣ್ಣ ಮಾತಲ್ಲ. ಗುರು ಕಳಸದ ಗೋವಿಂದಭಟ್ಟರು. ಅವರು ಬ್ರಾಹ್ಮಣರು, ಆದರೆ ಮಡಿ, ಜಾತಿ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದವರು. ಮುಸಲ್ಮಾನ ಶಿಷ್ಯನನ್ನು ಮನೆಯೊಳಗೆ ಕರೆದು ಜೊತೆಗೆ ಕೂಡಿಸಿಕೊಂಡು ಉಂಡರು. ಅವನಿಗೆ ತಮ್ಮ ಕೈಯಾರೆ ಜನಿವಾರ ಹಾಕಿದರೆಂದೂ ಹೇಳುತ್ತಾರೆ. ಎರಡೂ ಕಡೆಯ ಜನ ಸಿಟ್ಟಾದರು. ಗುರುಶಿಷ್ಯರು ಬೇರೆಯಾಗಲಿಲ್ಲ. ಶರೀಫರು ಮಸೀದಿಯನ್ನೂ ಬಿಡಲಿಲ್ಲ, ಮಠವನ್ನೂ ಬಿಡಲಿಲ್ಲ. ಮೊಹರಮ್ಮಿಗೆ ರಿವಾಯತ ಪದಗಳನ್ನೂ ಕಟ್ಟಿಕೊಟ್ಟರು.

ಸಂಸಾರದ ಸುಖ ಅವರಿಗೆ ಬಹಳ ದಿನ ಇರಲಿಲ್ಲ. ಹೆಂಡತಿ ಫಾತಿಮಾ, ಮಗಳು ಇಬ್ಬರೂ ತೀರಿಕೊಂಡರು. ಬಡತನ ಜೊತೆಗೇ ಇತ್ತು. ಇಷ್ಟೆಲ್ಲ ಇದ್ದರೂ ಅವರ ಪದಗಳಲ್ಲಿ ಅಳುವಿಗಿಂತ ನಗುವೇ ಹೆಚ್ಚು. ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಪದ ಕಟ್ಟಿದರು. ಮಳೆಗೆ ಸೋರುವ ಮಾಳಿಗೆ, ತಂಬೂರಿ, ಕೋಳಿ, ಹೊಸದಾಗಿ ಬಂದ ಗಿರಣಿ ಎಲ್ಲವೂ ಅವರಿಗೆ ದೇಹ, ಜೀವದ ಮಾತು ಹೇಳುವ ನೆಪ. ಮಳೆಗಾಲದ ಮುಂಚೆ ಮೇಲ್ಮುದ್ದೆಗೆ ಮಣ್ಣು ಹೊತ್ತ ನಮ್ಮ ಅಕ್ಕಲಕೋಟೆ ಹಳ್ಳಿಗಳ ಹಿರಿಯರಿಗೆ ಸೋರುವ ಮಾಳಿಗೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯ ಭೋಂಗಾಕ್ಕೆ ಎದ್ದು ಓಡಿದ ಸೊಲ್ಲಾಪುರದ ಮನೆಗಳಿಗೆ ಗಿರಣಿಯ ಪದವೂ ಹಾಗೆಯೇ.

ಶರೀಫರು ಹಾಡಿದ್ದು ಯಾವ ದರಬಾರಿನಲ್ಲಿಯೂ ಅಲ್ಲ. ಕಟ್ಟೆ, ಜಗಲಿ, ಗುಡಿಯ ಅಂಗಳ, ಕರೆದವರ ಪಡಸಾಲೆ, ಇಷ್ಟೇ. ಕೇಳಿದವರು ಬಾಯಿಪಾಠ ಮಾಡಿಕೊಂಡರು. ಕೆಲವರು ವಹಿಗಳಲ್ಲಿ ಬರೆದಿಟ್ಟರು. ಒಂದು ಭಜನಾ ಮೇಳದಿಂದ ಇನ್ನೊಂದಕ್ಕೆ ಪದಗಳು ನಡೆದವು. ಅಚ್ಚಾಗಿ ಪುಸ್ತಕವಾದದ್ದು ಎಷ್ಟೋ ಕಾಲದ ಮೇಲೆ. ನಮ್ಮ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ತತ್ವಪದಗಳು ಮೊದಲೇ ಮನೆಮನೆಯಲ್ಲಿದ್ದವು. ಅವುಗಳ ಪಕ್ಕದಲ್ಲಿ ಶರೀಫರಿಗೂ ಜಾಗ ಸಿಕ್ಕಿತು. ಸಿ. ಅಶ್ವತ್ಥ ಅವರ ಕಂಠ, 1990ರಲ್ಲಿ ಬಂದ ನಾಗಾಭರಣರ ಚಿತ್ರ ಅವರನ್ನು ನಾಡಿಗೆಲ್ಲ ಮುಟ್ಟಿಸಿದವು. ಆದರೆ ಅಲ್ಲಿಯವರೆಗೆ ನೂರು ವರ್ಷ ಅವರನ್ನು ಕಾದವರು ಮನೆಯಲ್ಲಿ ಕೂತು ಹಾಡಿದವರು.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಶರೀಫರು ದೇಹ ಬಿಟ್ಟರು. ಹಿಂದೂ, ಮುಸಲ್ಮಾನ ಎರಡೂ ವಿಧಿಗಳಿಂದ ಅಂತ್ಯಕ್ರಿಯೆ ನಡೆಯಿತೆಂದು ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ.

ಈಗ ಆ ಹುಡುಗನ ವಹಿಯ ವಿಷಯ. ಅದರಲ್ಲಿದ್ದ ಪದಗಳು ಕನ್ನಡದವೇ, ಅಕ್ಷರ ಮಾತ್ರ ದೇವನಾಗರಿ. ಅಜ್ಜಿಯ ಬಾಯಿಂದ ಕೇಳಿ ತನಗೆ ಬರುವ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನೋಡಿದೊಡನೆ ನಮಗೆ ಸಂಕಟವಾಯಿತು. ನಮ್ಮ ಮೊಮ್ಮಕ್ಕಳದೂ ಇದೇ ಕಥೆ, ಅವರು ಹಾಡುವುದೂ ಇಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆವು. ಲಿಪಿ ಬಾರದಿದ್ದರೂ ಪದ ಬಿಡದ ಆ ಹುಡುಗನನ್ನು ದೂರುವುದು ಹೇಗೆ? ಶರೀಫರ ಪದಗಳು ಉಳಿದದ್ದೇ ಹೀಗೆ ಕೇಳಿ ಬರೆದುಕೊಂಡವರಿಂದ. ಆದರೆ ಕನ್ನಡದ ಹ್ರಸ್ವ ಎ, ಒ ಬರೆಯಲು ಮರಾಠಿ ಬರವಣಿಗೆಯಲ್ಲಿ ಅಕ್ಷರವಿಲ್ಲ. ಅವನ ವಹಿಯಲ್ಲಿ ಕೊಡ, ಕೋಡ ಎರಡೂ ಒಂದೇ ರೀತಿ. ಅಜ್ಜಿ ಇರುವವರೆಗೆ ತಿದ್ದುತ್ತಾಳೆ. ಆಮೇಲೆ ಯಾರು?

ಅದಕ್ಕೆ ಸದಸ್ಯರಲ್ಲಿ ನಮ್ಮ ವಿನಂತಿ. ತಮ್ಮ ಮನೆಗಳಲ್ಲಿ ಹಳೆಯ ಭಜನೆ ವಹಿಗಳಿದ್ದರೆ, ಯಾವ ಲಿಪಿಯಲ್ಲಿದ್ದರೂ, ರದ್ದಿಗೆ ಹಾಕಬೇಡಿ. ಸಂಘಕ್ಕೆ ತನ್ನಿ. ಹಾಡುವ ಹಿರಿಯರನ್ನೂ ಬರೆಯುವ ಮಕ್ಕಳನ್ನೂ ಒಟ್ಟಿಗೆ ಕೂಡಿಸಿ, ಒಂದೊಂದೇ ಪದವನ್ನು ಕನ್ನಡ ಅಕ್ಷರದಲ್ಲಿ ಇಳಿಸೋಣ. ಆ ಹುಡುಗ ಬರಲು ಒಪ್ಪಿದ್ದಾನೆ. ಅವನು ಹಾಡಿ ಕೊಡುತ್ತಾನೆ, ನಾವು ಅವನಿಗೆ ಅಕ್ಷರ ಕಲಿಸುತ್ತೇವೆ. ಮುಂದಿನ ಭಜನೆಗೆ ಮನೆ ಕೊಡುವವರು ದಯವಿಟ್ಟು ತಿಳಿಸಿರಿ. ಜಮಖಾನೆ, ತಾಳ ಸಂಘದಲ್ಲಿವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ