ಸಂತರಿಗೆ ಮೈ ಕೊಟ್ಟ ಚಿತ್ರಗಾರ: ಬ್ರದರ್ ಮೊಸ್ಕೇನಿ

ಮಂಗಳೂರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲನ್ನು ನೋಡದವರು ನಮ್ಮಲ್ಲಿ ಕಡಿಮೆ. ಆದರೆ ಅದನ್ನು ಚಿತ್ರಗಳಿಂದ ತುಂಬಿದ ಬ್ರದರ್ ಆಂಟೋನಿಯೊ ಮೊಸ್ಕೇನಿಯವರ ಬಾಳನ್ನು ಬಲ್ಲವರು ವಿರಳ.

ಅವರು 1854ರಲ್ಲಿ ಇಟಲಿಯ ಬೆರ್ಗಮೊ ಸಮೀಪದ ಸ್ಟೆಜ್ಜಾನೊದಲ್ಲಿ ಜನಿಸಿದರು. ಬೆರ್ಗಮೊದ ಕಲಾ ಅಕಾಡೆಮಿಯಲ್ಲಿ ಕಲಿತು, ರೋಮಿನಲ್ಲಿ ಹಿರಿಯ ಕಲಾವಿದರ ಕೃತಿಗಳನ್ನು ಅಭ್ಯಾಸ ಮಾಡಿದರು. 1889ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಬ್ರದರ್ ಆಗಿಯೇ ಉಳಿದು, ಕುಂಚವನ್ನೇ ಸೇವೆಯಾಗಿಸಿಕೊಂಡರು. 1898ರಲ್ಲಿ ಮಂಗಳೂರಿಗೆ ಬಂದರು. ಸುಮಾರು ಎರಡೂವರೆ ವರ್ಷ ದುಡಿದು, ಚಾಪೆಲಿನ ಗೋಡೆಗಳಲ್ಲಿ ಹಸಿ ಗಾರೆಯ ಮೇಲೂ ಮೇಲ್ಛಾವಣಿಗೆ ಕ್ಯಾನ್ವಾಸಿನ ಮೇಲೂ ಚಿತ್ರಗಳನ್ನು ರಚಿಸಿದರು.

ಅವರ ಕೆಲಸ ಅರ್ಥವಾಗಲು ವಾಸ್ತವವಾದ ಎಂಬ ಮಾತನ್ನು ನಾವು ತಿಳಿಯಬೇಕು. ತತ್ವಶಾಸ್ತ್ರದಲ್ಲಿ ಅದು, ಈ ಲೋಕ ನಮ್ಮ ಮನಸ್ಸಿನ ಕಲ್ಪನೆಯಲ್ಲ, ನಾವು ನೋಡದಿದ್ದರೂ ಇದ್ದೇ ಇದೆ ಎಂಬ ನಿಲುವು. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ನಿಲುವಿನವರಾಗಿದ್ದರು. ಅದೇ ಶತಮಾನದಲ್ಲಿ ನಮ್ಮ ಉಡುಪಿಯ ಮಧ್ವಾಚಾರ್ಯರೂ ಜಗತ್ತು ಸತ್ಯವೆಂದು ಬೋಧಿಸಿದರು. ಕಲೆಯಲ್ಲಿ ಅದು, ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕ್ರಮ. 19ನೇ ಶತಮಾನದ ಫ್ರಾನ್ಸಿನಲ್ಲಿ ಕೂರ್ಬೆ ಎಂಬ ಚಿತ್ರಗಾರ ಕಲ್ಲು ಒಡೆಯುವ ಕೂಲಿಗಳನ್ನು ಹಾಗೆ ಚಿತ್ರಿಸಿದರು. ಮೊಸ್ಕೇನಿಯವರು ಆ ಪಂಥದವರಲ್ಲ. ಅವರ ವಸ್ತು ಸಂತರು ಮತ್ತು ದೇವದೂತರು. ಆದರೂ ಅವರ ಸಂತರಿಗೆ ಮೈಯ ಭಾರವಿದೆ, ಬಟ್ಟೆಗೆ ನೆರಿಗೆಯಿದೆ, ಮುಖದ ಮೇಲೆ ಬೆಳಕೂ ನೆರಳೂ ಇದೆ.

ಇದರ ಪ್ರಯೋಜನವೇನು? ಮೇಲ್ಛಾವಣಿಯ ಒಂದು ಚಿತ್ರದಲ್ಲಿ ಸಂತ ಅಲೋಶಿಯಸ್ ಗೊನ್ಸಾಗರು ರೋಮಿನ ಪ್ಲೇಗ್ ಪೀಡಿತರ ಸೇವೆ ಮಾಡುತ್ತಿದ್ದಾರೆ. ಅದೇ ಸೇವೆಯಲ್ಲಿ ರೋಗ ತಗುಲಿ ಅವರು 1591ರಲ್ಲಿ, 23ರ ಹರೆಯದಲ್ಲಿ, ತೀರಿಕೊಂಡರು. ಮೊಸ್ಕೇನಿಯವರು ಇದನ್ನು ಬರೆಯುವಾಗ ಪ್ಲೇಗ್ ನಮ್ಮ ದೇಶಕ್ಕೂ ಬಂದಿತ್ತು: 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ. ಅಂದು ತಲೆಯೆತ್ತಿ ನೋಡಿದವರಿಗೆ ಅದು ದೂರದ ಕತೆಯಾಗಿರಲಿಲ್ಲ. ಅಕ್ಷರ ಬಾರದವರಿಗೂ ಆ ಚಿತ್ರ ಒಂದು ಪ್ರಶ್ನೆ ಕೇಳುತ್ತಿತ್ತು: ನಿನ್ನ ನೆರೆಮನೆಗೆ ರೋಗ ಬಂದರೆ ನೀನು ಬಾಗಿಲು ಮುಚ್ಚುವೆಯಾ, ಒಳಗೆ ಹೋಗುವೆಯಾ?

ಮೊಸ್ಕೇನಿಯವರು ಮುಂದೆ ಕೊಚ್ಚಿಯ ಸಾಂತಾ ಕ್ರೂಜ್ ಕೆಥೆಡ್ರಲಿನಲ್ಲಿ ಚಿತ್ರ ಬರೆದರು. ಮಂಗಳೂರಿನ ಶಿಷ್ಯ ಡಿ ಗಾಮ ಅವರ ಜತೆಗಿದ್ದರು. 1905ರ ನವೆಂಬರಿನಲ್ಲಿ, ಆ ದೇವಾಲಯದ ಪ್ರತಿಷ್ಠೆಗೆ ಕೆಲವೇ ದಿನ ಉಳಿದಿರುವಾಗ, 51ನೇ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಮುಂದಿನ ಸಲ ಚಾಪೆಲಿಗೆ ಹೋದಾಗ ಸೊಬಗನ್ನು ಮೆಚ್ಚಿ ಹೊರಬರುವ ಮೊದಲು, ಆ ಪ್ಲೇಗಿನ ಚಿತ್ರದ ಕೆಳಗೆ ನಾವು ಒಂದಿಷ್ಟು ಹೊತ್ತು ನಿಲ್ಲೋಣ. ಆ ರೋಗಿಗಳ ಮುಖಗಳು ನಮ್ಮ ಧರ್ಮಕೇಂದ್ರದಲ್ಲೂ ಇವೆ.