ಮಕ್ಕಳ ಜೊತೆ ಕುಳಿತು ಕಲಿತ ವಿದ್ಯಾಗುರು: ಸಂತ ಇಗ್ನೇಷಿಯಸ್ ಲೊಯೋಲ

ಬೆಳಗಾವಿಯ ಕ್ಯಾಂಪಿನಲ್ಲಿರುವ ಸಂತ ಪೌಲರ ಪ್ರೌಢಶಾಲೆಯ ಹೆಸರನ್ನು ಕೇಳದ ಕಥೋಲಿಕ ಕುಟುಂಬವು ನಮ್ಮ ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಇರಲಾರದು. ಆ ಶಾಲೆ ಸ್ಥಾಪನೆಯಾದದ್ದು 1856ರಲ್ಲಿ. ಅದನ್ನು ನಡೆಸುತ್ತಿರುವ ಯೇಸುಸಭೆಯ ಸಂಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರು ದೈವಾಧೀನರಾಗಿ ಆ ವರ್ಷಕ್ಕೆ ಸರಿಯಾಗಿ ಮುನ್ನೂರು ವರ್ಷಗಳು ತುಂಬಿದ್ದವು. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ನಮ್ಮ ಮಕ್ಕಳ ವಿದ್ಯೆಯ ಬಗೆಗೆ ಚಿಂತಿಸುವ ನಾವು ಈ ಮಹನೀಯರ ಜೀವನವನ್ನು ಒಮ್ಮೆ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ. ಅವರನ್ನು ಸಂತರೆಂದು ನಾವೆಲ್ಲರೂ ಬಲ್ಲೆವು. ಆದರೆ ಓದಿನಲ್ಲಿ ಹಿಂದೆ ಬಿದ್ದು, ಸೋತು, ಮತ್ತೆ ಮೊದಲಿನಿಂದ ಕಲಿತ ವಿದ್ಯಾರ್ಥಿಯೆಂದು ಬಲ್ಲವರು ವಿರಳ.

ಇಗ್ನೇಷಿಯಸರು ಜನಿಸಿದ್ದು 1491ರಲ್ಲಿ, ಸ್ಪೇನ್ ದೇಶದ ಉತ್ತರದ ಬಾಸ್ಕ್ ನಾಡಿನ ಲೊಯೋಲ ಮನೆತನದಲ್ಲಿ. ಅವರಿಗೆ ಮನೆಯವರು ಇಟ್ಟ ಹೆಸರು ಇನ್ಯಿಗೊ. ಮನೆಯ ಮಾತು ಬಾಸ್ಕ್, ಅರಮನೆಯ ಮಾತು ಸ್ಪ್ಯಾನಿಷ್, ವಿದ್ಯೆಯ ಮಾತು ಲ್ಯಾಟಿನ್. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಯೌವನದಲ್ಲಿ ಅವರು ಕ್ಯಾಸ್ಟೀಲ್ ರಾಜ್ಯದ ಖಜಾನೆಯ ಅಧಿಕಾರಿಯೊಬ್ಬರ ಆಶ್ರಯದಲ್ಲಿ ಇದ್ದು ಕತ್ತಿವರಸೆಯನ್ನೂ ರಾಜಸಭೆಯ ನಡೆನುಡಿಯನ್ನೂ ಕಲಿತರು. ಲ್ಯಾಟಿನ್ ಮಾತ್ರ ಅವರಿಗೆ ಬರಲಿಲ್ಲ.

1521ರ ಮೇ 20ರಂದು ಪ್ಯಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡೊಂದು ಅವರ ಬಲಗಾಲನ್ನು ಮುರಿಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ಕೈಗೆ ದೊರೆತ ಕ್ರಿಸ್ತಚರಿತೆ ಮತ್ತು ಸಂತರ ಚರಿತೆಗಳು ಅವರ ಮನಸ್ಸನ್ನು ತಿರುಗಿಸಿದವು. ಮನ್ರೇಸಾದಲ್ಲಿ ತಪಸ್ಸು, 1523ರಲ್ಲಿ ಜೆರುಸಲೇಮಿನ ಯಾತ್ರೆ, ಇವೆಲ್ಲವೂ ವಾಚಕರಿಗೆ ತಿಳಿದ ವಿಷಯಗಳೇ. ಯಾತ್ರೆಯಿಂದ ಮರಳಿದ ಮೇಲೆ ಅವರು ಕೈಗೊಂಡ ನಿರ್ಧಾರವೇ ನಮ್ಮ ಲೇಖನದ ವಿಷಯ. ಜನರ ಆತ್ಮಗಳಿಗೆ ನೆರವಾಗಬೇಕಾದರೆ ಭಕ್ತಿಯೊಂದೇ ಸಾಲದು, ವಿದ್ಯೆಯೂ ಬೇಕೆಂದು ಅವರು ಕಂಡುಕೊಂಡರು.

ಹೀಗೆ 1524ರಲ್ಲಿ, ಮೂವತ್ತಮೂರರ ಪ್ರಾಯದ ಆ ಮಾಜಿ ಯೋಧರು ಬಾರ್ಸೆಲೋನಾದಲ್ಲಿ ಪುಟ್ಟ ಹುಡುಗರ ನಡುವೆ ಕುಳಿತು ಲ್ಯಾಟಿನ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡತೊಡಗಿದರು. ಪಾಠ ಹೇಳಿದ ಉಪಾಧ್ಯಾಯ ಅರ್ದೆವೋಲ್ ಅವರಿಂದ ಹಣ ಪಡೆಯಲಿಲ್ಲ. ಆದರೆ ಪುಸ್ತಕ ತೆರೆದೊಡನೆ ಇಗ್ನೇಷಿಯಸರ ಮನಸ್ಸು ಧ್ಯಾನದ ಸವಿಯಲ್ಲಿ ತೇಲಿಹೋಗುತ್ತಿತ್ತು. ವ್ಯಾಕರಣ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬಲಿಪೂಜೆಯಲ್ಲಿಯೂ ಬಾರದ ಅಂತಹ ಸವಿ ಪಾಠದ ಹೊತ್ತಿಗೇ ಬರುವುದೆಂದರೆ ಅದು ಕರ್ತವ್ಯ ತಪ್ಪಿಸುವ ಶೋಧನೆಯೇ ಸರಿ ಎಂದು ಅವರು ಗುರುತಿಸಿದರು. ಉಪಾಧ್ಯಾಯರನ್ನು ದೇವಾಲಯಕ್ಕೆ ಕರೆದೊಯ್ದು, ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು.

ಇಷ್ಟು ಶ್ರದ್ಧೆಯಿದ್ದರೂ ಮುಂದಿನ ಹೆಜ್ಜೆ ತಪ್ಪಿತು. 1526ರಲ್ಲಿ ಅಲ್ಕಲಾ ವಿಶ್ವವಿದ್ಯಾಲಯ ಸೇರಿದ ಅವರು ತರ್ಕಶಾಸ್ತ್ರ, ಪ್ರಕೃತಿ ವಿಜ್ಞಾನ, ದೈವಶಾಸ್ತ್ರ ಮೂರನ್ನೂ ಏಕಕಾಲದಲ್ಲಿ ಓದಲು ಹೊರಟರು. ಜೊತೆಗೆ ಬೀದಿಯ ಬೋಧನೆ, ಬಡವರ ಸೇವೆ. ಕಲಿಯದೆ ಬೋಧಿಸುವವರಾರೆಂಬ ಸಂಶಯದಿಂದ ಧರ್ಮಾಧಿಕಾರಿಗಳು ಅವರನ್ನು ಅಲ್ಕಲಾದಲ್ಲಿಯೂ ಬಳಿಕ ಸಲಮಾಂಕಾದಲ್ಲಿಯೂ ಸೆರೆಯಲ್ಲಿಟ್ಟು ವಿಚಾರಿಸಿ ಬಿಡುಗಡೆ ಮಾಡಿದರು. ಬೋಧನೆಯಲ್ಲಿ ದೋಷವೇನೂ ಕಾಣಲಿಲ್ಲ. ಆದರೆ ಓದಿನ ಫಲವೂ ಕೈಗೆ ಹತ್ತಲಿಲ್ಲ.

1528ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರ ತಲಪಿದಾಗ ಅವರು ಮಾಡಿದ ಕೆಲಸ ಅವರ ಮಹತ್ತಿಗೆ ಸಾಕ್ಷಿ. ತಮ್ಮ ಅಡಿಪಾಯವೇ ಸರಿಯಿಲ್ಲವೆಂದು ಒಪ್ಪಿಕೊಂಡು, ಮೂವತ್ತೇಳರ ಅಂಚಿನಲ್ಲಿ ಮತ್ತೊಮ್ಮೆ ಹುಡುಗರ ತರಗತಿಗೆ ಹೋಗಿ ಲ್ಯಾಟಿನ್ ವ್ಯಾಕರಣವನ್ನು ಮೊದಲಿನಿಂದ ಕಲಿತರು. ನಂಬಿ ಕೊಟ್ಟಿದ್ದ ಹಣವನ್ನು ಸಹವಾಸಿಯೊಬ್ಬನು ಖರ್ಚುಮಾಡಿದ್ದರಿಂದ ಧರ್ಮಛತ್ರದಲ್ಲಿ ತಂಗಬೇಕಾಯಿತು. ಛತ್ರ ದೂರ, ಬಾಗಿಲು ತೆರೆಯುವ ಹೊತ್ತಿಗೆ ಬೆಳಗಿನ ಪಾಠಗಳು ತಪ್ಪಿಹೋಗುತ್ತಿದ್ದವು. ರಜೆಯಲ್ಲಿ ಫ್ಲಾಂಡರ್ಸ್ ನಾಡಿಗೆ ಹೋಗಿ ಭಿಕ್ಷೆಯೆತ್ತಿ ವರ್ಷದ ಖರ್ಚನ್ನು ಹೊಂದಿಸಿಕೊಂಡ ಮೇಲೆಯೇ ಓದು ಒಂದು ದಾರಿಗೆ ಬಂದಿತು. 1529ರಲ್ಲಿ ಸಾಂತ್ ಬಾರ್ಬ್ ಕಾಲೇಜಿನ ಕೋಣೆಯಲ್ಲಿ ಪಿಯೆರ್ ಫಾವ್ರ್ ಮತ್ತು ಫ್ರಾನ್ಸಿಸ್ ಜೇವಿಯರ್ ಎಂಬ ಇಬ್ಬರು ತರುಣರ ಸಹವಾಸ ದೊರೆಯಿತು. ತರುಣ ಫಾವ್ರ್ ಹಿರಿಯನಿಗೆ ಅರಿಸ್ಟಾಟಲನ ಪಾಠ ಬಿಡಿಸಿ ಹೇಳಿದರೆ, ಹಿರಿಯನು ಅವನಿಗೆ ಆತ್ಮದ ದಾರಿ ತೋರಿದನು.

ಅಲ್ಕಲಾದ ಗೊಂದಲಕ್ಕೂ ಪ್ಯಾರಿಸ್ಸಿನ ಕ್ರಮಕ್ಕೂ ಇದ್ದ ಅಂತರವನ್ನು ಅವರು ಮೈಯಾರೆ ಅನುಭವಿಸಿದ್ದರು. ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಗಳನ್ನು ಅವರವರ ತಿಳಿವಳಿಕೆಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸುತ್ತಿದ್ದರು. ಒಂದು ಮೆಟ್ಟಿಲು ಗಟ್ಟಿಯಾಗದೆ ಇನ್ನೊಂದಕ್ಕೆ ಏರಿಸುತ್ತಿರಲಿಲ್ಲ. ಕೇಳಿದ ಪಾಠವನ್ನು ಪುನರಾವರ್ತನೆಯಿಂದಲೂ ಚರ್ಚೆಯಿಂದಲೂ ಮನನ ಮಾಡಿಸುತ್ತಿದ್ದರು. 1540ರಲ್ಲಿ ಮೂರನೆಯ ಪೌಲ್ ಜಗದ್ಗುರುಗಳು ಯೇಸುಸಭೆಗೆ ಮನ್ನಣೆ ನೀಡಿದ ಬಳಿಕ, ಮಹಾಶ್ರೇಷ್ಠರಾಗಿ ಆಯ್ಕೆಯಾದ ಇಗ್ನೇಷಿಯಸರು ಈ ಪದ್ಧತಿಯನ್ನೇ ತಮ್ಮ ವಿದ್ಯಾಲಯಗಳಿಗೆ ಆಧಾರವಾಗಿಸಿದರು. ನಾಗರಿಕರ ಕೋರಿಕೆಯಂತೆ 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿಯೂ, 1551ರಲ್ಲಿ ರೋಮಾಪುರಿಯಲ್ಲಿಯೂ ವಿದ್ಯಾಲಯಗಳು ತೆರೆದವು. ಬೋಧನೆ ಉಚಿತ. ಭಿಕ್ಷೆಯೆತ್ತಿ ಓದಿದವರು ಬಡವನ ಮಗನಿಗೆ ಬಾಗಿಲು ಮುಚ್ಚಲಿಲ್ಲ. ಗುರುಗಳು ಸ್ವತಃ ಮಕ್ಕಳ ಮೇಲೆ ಕೈಯೆತ್ತಕೂಡದೆಂಬ ನಿಯಮವೂ ಇತ್ತು. ಸಭೆಯ ಸಂವಿಧಾನದ ನಾಲ್ಕನೆಯ ಭಾಗವನ್ನು ಅವರು ವಿದ್ಯಾಭ್ಯಾಸಕ್ಕೇ ಮೀಸಲಿಟ್ಟರು; ಅಲ್ಲಿ ಕ್ರಮವನ್ನು ವಿಧಿಸಿದರಾದರೂ, ದೇಶ, ಕಾಲ, ವ್ಯಕ್ತಿಗಳನ್ನು ನೋಡಿ ಅದನ್ನು ಹೊಂದಿಸಿಕೊಳ್ಳಬೇಕೆಂದು ಮತ್ತೆ ಮತ್ತೆ ಸೂಚಿಸಿದರು. 1556ರ ಜುಲೈ 31ರಂದು ಅವರು ಕಣ್ಮುಚ್ಚುವಾಗ ಮೂವತ್ತಕ್ಕೂ ಮಿಕ್ಕಿದ ವಿದ್ಯಾಲಯಗಳು ನಡೆಯುತ್ತಿದ್ದವು.

ಅವರ ಬಿತ್ತನೆಯ ಫಲ 1599ರಲ್ಲಿ ಪ್ರಕಟವಾದ ರಾಸಿಯೊ ಸ್ಟುಡಿಯೊರಂ ಎಂಬ ಪಾಠಕ್ರಮದ ಗ್ರಂಥ. ಅದನ್ನು ಒಬ್ಬರು ಕುಳಿತು ಬರೆದುದಲ್ಲ. 1586 ಮತ್ತು 1591ರ ಕರಡುಗಳನ್ನು ಬೇರೆ ಬೇರೆ ನಾಡುಗಳ ಯೇಸುಸಭೆಯವರಿಗೆ ಕಳುಹಿಸಿ, ಪಾಠ ಹೇಳುವವರ ಅನುಭವ ಕೇಳಿ, ತಿದ್ದಿ ಅಂತಿಮಗೊಳಿಸಲಾಯಿತು. ವ್ಯಾಕರಣಕ್ಕೆ ಮೂರು ತರಗತಿ, ಸಾಹಿತ್ಯಕ್ಕೊಂದು, ವಾಕ್ಕಲೆಗೊಂದು, ಇದು ಇಂದಿನ ಪ್ರೌಢಶಾಲೆಯ ಮಟ್ಟ. ಅದರ ಮೇಲೆ ಮೂರು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ, ಇದು ಕಾಲೇಜಿನ ಮಟ್ಟ. ಉಪಾಧ್ಯಾಯನು ಮೊದಲು ಪಾಠವನ್ನು ಬಿಡಿಸಿ ಹೇಳಬೇಕು; ಮರುದಿನ ಮಕ್ಕಳು ಅದನ್ನು ಒಪ್ಪಿಸಬೇಕು; ಶನಿವಾರ ಇಡೀ ವಾರದ ಪಾಠದ ಮನನ. ಹತ್ತು ಹತ್ತು ಮಕ್ಕಳಿಗೆ ಒಬ್ಬ ವಿದ್ಯಾರ್ಥಿನಾಯಕನು ಪಾಠ ಒಪ್ಪಿಸಿಕೊಳ್ಳುವನು.

ಈ ಪದ್ಧತಿಯಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳಲಾರೆವು. ಲ್ಯಾಟಿನ್ನಿಗೆ ಸಿಕ್ಕ ಪ್ರಾಶಸ್ತ್ಯ ಮಾತೃಭಾಷೆಗೆ ಸಿಗಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವೇ ಇರಲಿಲ್ಲ. 1832ರಲ್ಲಿ ಅದನ್ನು ಪರಿಷ್ಕರಿಸಿದರು. 1986 ಮತ್ತು 1993ರಲ್ಲಿ ಯೇಸುಸಭೆ ಹೊಸ ಮಾರ್ಗದರ್ಶಿಗಳನ್ನು ಹೊರತಂದು, ಮಗುವಿನ ಹಿನ್ನೆಲೆಯನ್ನು ಅರಿಯುವುದರಿಂದಲೇ ಬೋಧನೆ ಆರಂಭವಾಗಬೇಕೆಂದು ತಿಳಿಸಿತು. ಇದು ಬಾಸ್ಕ್ ಮಾತಿನ ಮನೆಯಿಂದ ಬಂದ ಆ ವಿದ್ಯಾರ್ಥಿ ಮೆಚ್ಚತಕ್ಕ ಮಾತೇ ಆಗಿದೆ.

ನಮ್ಮ ನೆರೆಯ ಗೋವೆಗೆ ಸಂತ ಜೇವಿಯರರು ಬಂದದ್ದು 1542ರಲ್ಲಿ. ಅಲ್ಲಿಯ ಸಂತ ಪೌಲರ ಕಾಲೇಜಿಗೆ 1556ರಲ್ಲಿ, ಅಂದರೆ ಇಗ್ನೇಷಿಯಸರು ತೀರಿಕೊಂಡ ವರ್ಷದಲ್ಲೇ, ಭಾರತದ ಮೊದಲ ಅಚ್ಚುಯಂತ್ರ ಬಂದಿಳಿಯಿತು. ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ ಹಚ್ಚಿದ ದೀಪದ ಬೆಳಕು ಘಟ್ಟದ ಕೆಳಗೆ ಹೀಗೆ ಮುಟ್ಟಿತು. ಮುಂದೆ ಘಟ್ಟದ ಮೇಲಿನ ಬೆಳಗಾವಿಗೂ ಹರಿಯಿತು.

ಇಂದು ಖಾನಾಪುರದ ಹಳ್ಳಿಯೊಂದರಲ್ಲಿ ಮರಾಠಿ ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಯೊಬ್ಬಳು ಬೆಳಗಾವಿಯ ಕಾಲೇಜಿಗೆ ಬಂದು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪಾಠವೂ ತಪ್ಪುತ್ತದೆ. ಕೆಲವೇ ತಿಂಗಳಲ್ಲಿ ತನಗೆ ವಿದ್ಯೆ ಒಲಿಯದೆಂದು ಪುಸ್ತಕ ಮಡಿಚಿಡುವ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅಂಥವರನ್ನು ದಡ್ಡರೆಂದು ಕರೆಯುವ ಮುನ್ನ, ಮೂವತ್ತೇಳರ ವಯಸ್ಸಿನಲ್ಲಿ ಹುಡುಗರ ತರಗತಿಗೆ ಮರಳಿದ ಸಂತರನ್ನು ನಾವು ನೆನೆಯಬೇಕು. ತಪ್ಪಿದ್ದು ಮೆಟ್ಟಿಲಿನ ಕ್ರಮವೇ ಹೊರತು ಮಗುವಿನ ಬುದ್ಧಿಯಲ್ಲ. ಒಂದು ಮೆಟ್ಟಿಲು ಕೆಳಗಿಳಿದು ಅಡಿಪಾಯವನ್ನು ಗಟ್ಟಿಮಾಡಿಕೊಳ್ಳುವುದು ಅವಮಾನವಲ್ಲವೆಂದು ಅವರ ಬಾಳು ಸಾರುತ್ತದೆ.

ನಮ್ಮ ಧರ್ಮಕೇಂದ್ರದಲ್ಲಿ ಓದಿದ ಹಿರಿಯರೂ ಉಪಾಧ್ಯಾಯರೂ ಇದ್ದಾರೆ. ವಾರಕ್ಕೊಂದು ಸಂಜೆ, ಹತ್ತು ಮಕ್ಕಳಿಗೆ ಒಬ್ಬರಂತೆ ಕುಳಿತು, ವಾರದ ಪಾಠವನ್ನು ಅವರ ಮನೆಮಾತಿನಲ್ಲಿ ಬಿಡಿಸಿ ಹೇಳಿದರೆ, ಈ ಶತಮಾನೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆ ಬೇರೊಂದಿರದು. ಜುಲೈ 31ರ ಅವರ ಹಬ್ಬದಂದು ನಮ್ಮ ವಿದ್ಯಾರ್ಥಿಗಳಿಗಾಗಿಯೂ ಅವರಿಗೆ ಕಲಿಸುವವರಿಗಾಗಿಯೂ ಆ ಮಹಾಗುರುವಿನ ಬಿನ್ನಹವನ್ನು ಬೇಡಿಕೊಳ್ಳೋಣ.