ಟೇಕೂರು ಸುಬ್ರಹ್ಮಣ್ಯಂ

1952ರ ಮೊದಲ ಮಹಾಚುನಾವಣೆಯಲ್ಲಿ ಬಳ್ಳಾರಿಯ ಮತದಾರರು ಕಾಂಗ್ರೆಸ್ಸಿನ ಮುಂದಾಳು ಟೇಕೂರು ಸುಬ್ರಹ್ಮಣ್ಯಂ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಆಗ ಬಳ್ಳಾರಿಯು ಮದರಾಸು ರಾಜ್ಯಕ್ಕೆ ಸೇರಿತ್ತು. ಅವರ ಅವಧಿ ಮುಗಿಯುವ ಮೊದಲೇ ಕ್ಷೇತ್ರದ ರಾಜ್ಯವೇ ಬದಲಾಯಿತು.

ಆಂಧ್ರ ರಾಜ್ಯದ ರಚನೆ ನಿಶ್ಚಯವಾದಾಗ ಕನ್ನಡ, ತೆಲುಗುಗಳೆರಡೂ ಬಳಕೆಯಲ್ಲಿದ್ದ ಈ ಜಿಲ್ಲೆಯನ್ನು ಹಂಚಬೇಕಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆಂದು ತೀರ್ಮಾನವಾಯಿತು. ಕಗ್ಗಂಟಾಗಿ ಉಳಿದುದು ಕುರುಗೋಡನ್ನೊಳಗೊಂಡ ಬಳ್ಳಾರಿ ತಾಲ್ಲೂಕು. ಒಂದೇ ಪೇಟೆಯಲ್ಲಿ ಎರಡು ನುಡಿಗಳ ವ್ಯಾಪಾರ ನಡೆಯುತ್ತಿದ್ದ ಊರನ್ನು ಯಾವ ಗೆರೆಯಿಂದ ಬೇರ್ಪಡಿಸುವುದು? ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಬಳಿಕ ಆ ತಾಲ್ಲೂಕೂ 1953ರ ಅಕ್ಟೋಬರ್ 1ರಂದು ಮೈಸೂರನ್ನು ಸೇರಿತು.

ಈ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣವನ್ನು ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡುವಂತೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರವು ಅದನ್ನು ಅಂಗೀಕರಿಸಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ಬಳ್ಳಾರಿಯು ಅದರೊಳಗೇ ಇತ್ತು.

ಮರುವರ್ಷ ಸುಬ್ರಹ್ಮಣ್ಯಂ ಅವರು ಅದೇ ಜನರ ಮುಂದೆ ಮತ್ತೆ ನಿಂತರು, ಈ ಸಲ ಮೈಸೂರು ರಾಜ್ಯದ ಕ್ಷೇತ್ರದಿಂದ. ಜನ ಅವರನ್ನು ಗೆಲ್ಲಿಸಿದರು. 1962ರಲ್ಲಿಯೂ ಅವರನ್ನೇ ಆರಿಸಿದರು. 1967ರಲ್ಲಿ ಆ ಸ್ಥಾನಕ್ಕೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು ಬಂದರು.